ಎರಡನೆಯ ತೂತು

ಫೋಟೋದಲ್ಲಿ ಅಜ್ಜಿಯ ಎಡಗಿವಿಗೆ ಎರಡು ತೂತುಗಳಿದ್ದವು. ಎರಡನೆಯದು ತುಸು ಮೇಲೆ, ಓರೆಯಾಗಿ. ಗೋಡೆಗೆ ಬಣ್ಣ ಹೊಡೆಸಲೆಂದು ಕಳೆದ ತಿಂಗಳು ಚೌಕಟ್ಟು ಇಳಿಸಿ ಗಂಧದ ಹಾರ ತೆಗೆದಾಗಲೇ ಅದು ಕಂಡದ್ದು. ಅಜ್ಜಿ ಚುಚ್ಚಿಸಿಕೊಂಡಿದ್ದು ಒಂದೇ. ಓರೆಯಾದ ಆ ತೂತು ನನ್ನದು.

ಅಗ್ರಹಾರದ ಫೋಟೋ ಸ್ಟುಡಿಯೋದವರು ನೆನಪಾದರು...

ನಾನಾಗ ಎಂ.ಎ. ಓದುತ್ತಿದ್ದೆ. ಅರ್ಜಿಗೆ ಫೋಟೋ ಬೇಕಿತ್ತು; ಅಲ್ಲಿಗೇ ಹೋಗು ಎಂದು ಅಪ್ಪ ಒತ್ತಾಯಿಸಿದ್ದರು. ಫೋಟೋ ತೆಗೆದ ಮೇಲೂ ಸ್ಟುಡಿಯೋದವರು ಕ್ಯಾಮೆರಾ ಕೆಳಗಿಡಲಿಲ್ಲ.

"ಅಂಗೇ ಬಲಕ್ಕೆ ತಿರುಗಮ್ಮ. ಕೂದ್ಲು ಹಿಂದಕ್ಕಾಕು, ಕಿವಿ ಕಾಣ್ಲಿ."

"ಅರ್ಜಿಗೆ ಕಿವಿ ಯಾಕೆ ಸರ್?"

"ಸುಮ್ನೆ ಒಂದು ಪ್ರಯೋಗ ಕಣಮ್ಮ. ಕಿತ್ಕೊಳಲ್ಲ ಬುಡು."

ನಾನು ನಗಲಿಲ್ಲ. ಪ್ರತಿಗಳಿಗಾಗಿ ಕಾಯುವಾಗ ಅವರ ಕಂಪ್ಯೂಟರ್ ಪರದೆ ಕಂಡಿತು. ಮೂಗುಗಳು, ಹಣೆಗಳು, ಗದ್ದಗಳು, ಮುಖವಿಲ್ಲದೆ ಸಾಲಾಗಿ. ಯಾರದೋ ಹಣೆಯನ್ನು ಎಳೆದು ಇನ್ಯಾರದೋ ಕಣ್ಣಿನ ಮೇಲೆ ಕೂರಿಸಿ, ಸೇರಿದ ಗೆರೆಯನ್ನು ಉಜ್ಜಿ ಉಜ್ಜಿ ಮಾಯ ಮಾಡುತ್ತಿದ್ದರು. ನಾನು ಏನೂ ಕೇಳಲಿಲ್ಲ, ಮನೆಯಲ್ಲೂ ಹೇಳಲಿಲ್ಲ. ಮೂವರು ಗೆಳತಿಯರಿಗೆ ಮಾತ್ರ ಹೇಳಿದೆ: ಅಲ್ಲಿಗೆ ಹೋಗಬೇಡಿ, ಕಿವಿಯ ಫೋಟೋ ತೆಗೆಯುತ್ತಾನೆ, ಆ ಮನುಷ್ಯ ಸರಿಯಿಲ್ಲ. ಅವರು ಇನ್ನಷ್ಟು ಜನಕ್ಕೆ ಹೇಳಿದರು. ಆಮೇಲೆ ಆ ಬೀದಿ ಹಾಯುವಾಗಲೆಲ್ಲ ಸ್ಟುಡಿಯೋದ ಬೆಂಚು ಖಾಲಿ ಇರುತ್ತಿತ್ತು. ಅದು ನನ್ನ ಮಾತಿನಿಂದಲೋ, ಎಲ್ಲರ ಕೈಗೂ ಬಂದ ಮೊಬೈಲಿನಿಂದಲೋ...

ಅಜ್ಜಿಯ ಫೋಟೋ ಮನೆಗೆ ಬಂದದ್ದೂ ಅದೇ ವರ್ಷ.

ಕಳೆದ ತಿಂಗಳು, ತೆಗೆದ ಹಾರ ಕೈಯಲ್ಲಿ ಹಿಡಿದೇ ಅಪ್ಪನನ್ನು ಕೇಳಿದೆ.

"ನಮ್ಮಮ್ಮನದು ಇದ್ದದ್ದೇ ಒಂದು ಫೋಟೋ. ಅರ್ಧ ಮುಖ ತೇವಕ್ಕೆ ಹೋಗಿತ್ತು. ಮನೇಲಿ ಅವರ ಹೋಲಿಕೆ ಇರೋರನ್ನ ಕಳ್ಸಿ, ಏನೋ ಮಾಡಿ ನೋಡ್ತೀನಿ ಅಂದ್ರು ಸ್ಟುಡಿಯೋದವರು."

"ನನಗೆ ಹೇಳ್ಬೇಕಿತ್ತು."

"ಹೇಳಿದ್ರೆ ಕೂರ್ತಿದ್ದೆಯಾ? ಹೇಳ್ಬೇಡಿ ಅಂದೋನು ನಾನೇ." ಹಾರವನ್ನು ನನ್ನ ಕೈಯಿಂದ ತೆಗೆದುಕೊಳ್ಳುತ್ತ ಅಪ್ಪ ಸೇರಿಸಿದರು, "ಆ ಸ್ಟುಡಿಯೋದವರು ತೀರ್ಕೊಂಡು ಎರಡು ವರ್ಷ ಆಯ್ತು ಕಣಮ್ಮ."

ಫೋಟೋವನ್ನು ಬೆಳಕಿಗೆ ಹಿಡಿದೆ. ನನ್ನ ಕಿವಿಗೆ ಅವರು ಸುಕ್ಕು ಸೇರಿಸಿದ್ದರು, ತೂತು ಮುಚ್ಚಲು ಮರೆತಿದ್ದರು. ಹಾಗಾದರೆ ಈ ಗದ್ದ ಯಾರದು? ಪರದೆಯ ಮೇಲಿದ್ದ ಉಳಿದ ಹಣೆ, ಮೂಗುಗಳು ಯಾರವೋ, ಅವರಿಗಾದರೂ ಗೊತ್ತಿತ್ತೇ? ಆ ಅನುಮಾನ ಇನ್ನೂ ಹೋಗಿಲ್ಲ. ಆದರೆ ನಾನು ಹಬ್ಬಿಸಿದ್ದು ಬೇರೆಯದೇ ಅನುಮಾನ. ತಪ್ಪಾಯಿತು ಎನ್ನಲು ಈಗ ಅವರಿಲ್ಲ.

ಮರುದಿನ ಬೆಳಿಗ್ಗೆ ಆ ಮೂವರು ಗೆಳತಿಯರಿಗೂ ಫೋನ್ ಮಾಡಿದೆ. ಇಬ್ಬರು ಮರೆತೇಬಿಟ್ಟಿದ್ದರು. ಮೂರನೆಯವಳಿಗೆ ನೆನಪಿತ್ತು. "ಹುಡ್ಗೀರ್ ಕಿವಿ ಫೋಟೋ ತೆಗೀತಿದ್ನಲ್ಲ, ಅವನೇ ತಾನೆ?"

"ಹೌದು ಕಣೆ," ಎಂದೆ. "ಆ ಕಿವಿ ನಮ್ಮಜ್ಜಿಗೆ ಬೇಕಿತ್ತು."