ನೇರ ನೋಡದ ಕೊಳವೆಗಳು

ಮೊದಲ ದಿನ ಕೆಲಸ ಮುಗಿಸಿ ಹೊರಟಾಗ ಪ್ರಯೋಗಾಲಯದ ಬಾಗಿಲು ನನ್ನನ್ನು ಹೊರಗೆ ಬಿಡಲಿಲ್ಲ. ಅಲ್ಲಿಯ ಯಂತ್ರದೊಳಗೆ ಎರಡೂ ಕೈ ಇಟ್ಟು ನಿಂತರೆ, ಮೈಗೆ ವಿಕಿರಣ ಸೂಸುವ ಧೂಳು ಅಂಟಿದೆಯೇ ಎಂದು ಅದು ನೋಡುತ್ತದೆ. ನಾನು ಎಡಗೈ ಪೂರ್ತಿ ತಳ್ಳಿರಲಿಲ್ಲ, ಅಷ್ಟೇ. ಯಂತ್ರ ಫ್ರೆಂಚಿನಲ್ಲಿ ಏನೋ ಹೇಳುತ್ತಲೇ ಇತ್ತು. ಒಂದಕ್ಷರ ತಿಳಿಯದೆ ಕಣ್ಣು ತುಂಬಿತು. ಮಹಾರಾಷ್ಟ್ರದ ಗಡಿಯ ಮಾಡಗ್ಯಾಳದಲ್ಲಿ ಮನೆಯೊಳಗೆ ದಖನಿ ಉರ್ದು, ಅಪ್ಪನ ಜೊತೆಗೂ ಓಣಿಯಲ್ಲೂ ಕನ್ನಡ, ಶಾಲೆಯಲ್ಲಿ ಮರಾಠಿ ಆಡುತ್ತ ಬೆಳೆದವಳು ನಾನು. ಫ್ರಾನ್ಸಿನ ಈ ಊರಿನಲ್ಲಿ ಮೂರೂ ಕೆಲಸಕ್ಕೆ ಬರಲಿಲ್ಲ.

ಕೋಣೆ ಬಾಡಿಗೆಗೆ ಕೊಟ್ಟ ಅಜ್ಜಿ ಒಂದು ದಿನ ಪಿಸೀನ್‌ಗೆ ಹೊರಟಿದ್ದೇನೆ ಎಂದಾಗ ಗಾಬರಿಯಾದೆ. ನಮ್ಮ ಪ್ರಯೋಗಾಲಯದಲ್ಲಿ ಪಿಸೀನ್ ಎಂದರೆ ರಿಯಾಕ್ಟರ್ ಮುಳುಗಿರುವ ಕೊಳ. ಆಕೆ ಹೊರಟಿದ್ದು ಊರಿನ ಈಜುಕೊಳಕ್ಕೆ. ಅರೆಬರೆ ಭಾಷೆಯಲ್ಲಿ ನನ್ನ ಭಯ ಹೇಳಿಕೊಂಡಾಗ ಅಜ್ಜಿ ನಕ್ಕು ನಕ್ಕು ಕುರ್ಚಿ ಹಿಡಿದುಕೊಂಡಳು. ಈ ಊರಿನಲ್ಲಿ ನಾನು ನಗಿಸಿದ ಮೊದಲ ಜೀವ ಅದು. ಆ ಭಾನುವಾರ ಸೂಪಿಗೆ ಕರೆದಳು. ನಾನು ಶೇಂಗಾ ಚಟ್ನಿ ಒಯ್ದೆ. ಬ್ರೆಡ್ಡಿಗೆ ಹಚ್ಚಿಕೊಂಡು ತಿಂದು, ಇನ್ನಷ್ಟು ಕೇಳಿದಳು.

ಊರಿಗೆ ಫೋನ್ ಮಾಡಿದರೆ ಅಪ್ಪ, ನನ್ನ ಅಬ್ಬಾ, ಮಾತ್ರ ಮಾತಿಗೆ ಬರುತ್ತಿರಲಿಲ್ಲ. ಊರಲ್ಲಿ ಅವರದು ವೆಲ್ಡಿಂಗ್ ಅಂಗಡಿ. ಮಗಳು ವಿಕಿರಣದ ಹತ್ತಿರ ದುಡಿಯುವುದು ಅವರಿಗೆ ಬೇಡವಾಗಿತ್ತು. ನಾನು ಹೊರಟ ದಿನ, "ಬ್ಯಾಡ ಅಂದ್ರ ಕೇಳಲಿಲ್ಲ ನೀ" ಎಂದಷ್ಟೇ ಹೇಳಿ ಒಳಗೆ ಹೋಗಿದ್ದರು.

ಇಂಧನ ಬದಲಿಸಲು ರಿಯಾಕ್ಟರ್ ನಿಲ್ಲಿಸಿದಾಗ ರಜೆ ಹಾಕಿ ಊರಿಗೆ ಹೋದೆ. ಮರುದಿನವೇ ಅಂಗಡಿಗೆ ಹೋಗಿ ನಿಂತೆ. ಗೇಟು ಬೆಸೆಯುತ್ತಿದ್ದ ಅಬ್ಬಾ ಕಣ್ಣಿಗೆ ಹಿಡಿದ ಕಪ್ಪು ಗಾಜು ಇಳಿಸಿದರು.

"ನಿಮ್ಮ ಭಟ್ಟಿ ಎಷ್ಟು ಕರೆಂಟ್ ಮಾಡ್ತೈತಿ?"

"ಕರೆಂಟ್ ಮಾಡಂಗಿಲ್ರಿ ಅಬ್ಬಾ."

"ಮತ್ತ ಯಾಕ ಹಚ್ಚೀರಿ?"

"ನ್ಯೂಟ್ರಾನ್ ಬೇಕಂತ. ಭಾಳ ಸಣ್ಣ ಕಣ. ಕಬ್ಬಿಣದಾಗೂ ಹೊಕ್ಕು ಒಳಗ ಏನೈತಿ ತೋರಸ್ತಾವ. ಶಾಖಾ ನಮಗ ಬ್ಯಾಡ, ನೀರಿಗೆ ಬಿಡ್ತೀವಿ."

ತಗಡಿನ ಮೇಲೆ ಸೀಮೆಸುಣ್ಣದಿಂದ ಬರೆದೆ. ನಡುವೆ ಇಂಧನದ ತಿರುಳು. ನ್ಯೂಟ್ರಾನ್‌ಗಳು ದಟ್ಟವಾಗಿ ಸಿಗಲೆಂದು ಅದನ್ನು ಆದಷ್ಟು ಚಿಕ್ಕದಾಗಿ ಮಾಡುತ್ತಾರೆ. ಸುತ್ತಲೂ ಭಾರಜಲ. ಅದು ನ್ಯೂಟ್ರಾನ್‌ಗಳ ವೇಗ ತಗ್ಗಿಸುತ್ತದೆ, ನುಂಗುವುದು ಬಹಳ ಕಡಿಮೆ. ಅವನ್ನು ಪ್ರಯೋಗಕ್ಕೆ ತರುವ ಕೊಳವೆಗಳ ಬಾಯಿ ಆ ನೀರಿನಲ್ಲಿರುತ್ತದೆ, ಆದರೆ ತಿರುಳಿನತ್ತ ನೇರ ತಿರುಗಿರುವುದಿಲ್ಲ. ನೇರ ಇಟ್ಟರೆ ಗಾಮಾ ಕಿರಣಗಳೂ ವೇಗ ತಗ್ಗದ ನ್ಯೂಟ್ರಾನ್‌ಗಳೂ ನುಗ್ಗಿಬರುತ್ತವೆ.

ಅಬ್ಬಾ ಗೆರೆಗಳನ್ನೇ ನೋಡಿದರು.

"ನಮ್ಮ ಕೆಲಸಾನೂ ಹಂಗ. ಕಿಡಿ ನೇರ ನೋಡಿದಂವನ ಕಣ್ಣು ಉಳಿಯಂಗಿಲ್ಲ. ಇದನ್ನ ಮಾಡಿದಂವ ತಿಳಿದಂವ." ನನ್ನತ್ತ ತಿರುಗಿ ಕೇಳಿದರು, "ನೀ ಎಲ್ಲಿ ನಿಂದರ್ತಿ?"

ಕೊಳವೆಯ ತುದಿಗೂ ಆಚೆ, ದಪ್ಪ ಗೋಡೆಯ ಹಿಂದೆ ಬೆರಳಿಟ್ಟೆ. ಅವರು ಅಲ್ಲೊಂದು ಚುಕ್ಕೆ ಇಟ್ಟು, ತಿರುಳಿನಿಂದ ಅಲ್ಲಿಯವರೆಗೆ ಗೇಣು ಹಾಕಿ ಅಳೆದರು. ಎರಡನೆಯ ಸಲವೂ ಅಳೆದರು.

ಹೊರಡುವ ಮುನ್ನಾದಿನ ಬಟ್ಟೆ ಮಡಚುತ್ತ, "ಶುಕ್ರವಾರ ಮನಿ ಮುಟ್ಟತೀನಿ" ಅಂದುಬಿಟ್ಟೆ. ಅಜ್ಜಿಯ ಕೋಣೆಯನ್ನು ಮನೆ ಎಂದ ಆ ಮಾತು ಬಾಯಿಂದ ಬಿದ್ದಮೇಲೆ ನನಗೇ ಚುಚ್ಚಿತು. ಅಬ್ಬಾ ಚಹಾದ ಬಟ್ಟಲು ಕೆಳಗಿಟ್ಟರು.

"ಆ ಮನಿ ಬೆಚ್ಚಗ ಐತೇನು?"

"ಐತ್ರಿ" ಎಂದೆ. ಅವರ ಪಕ್ಕದಲ್ಲಿ ಕುಳಿತು, ಆ ಮನೆಯ ಕಿಟಕಿ, ಮೆಟ್ಟಿಲು, ಅಜ್ಜಿ ಎಲ್ಲವನ್ನೂ ಹೇಳತೊಡಗಿದೆ.