ಅಜ್ಜ-ಆಯಿಗೆ ಆಂಪ್ಲಿಫೈಯರ್ ಹುಡುಕಿದ್ದು

ಮಧ್ಯಾಹ್ನದ ಊಟವಾಯಿತೆಂದರೆ ಬೈಲಹೊಂಗಲದ ನಮ್ಮ ಓಣಿ ನಿದ್ದೆ ಹೋಗುತ್ತಿತ್ತು. ಎಮ್ಮೆ, ನಾಯಿ, ಕಿರಾಣಿ ಅಂಗಡಿಯ ಸಾಹುಕಾರ, ಎಲ್ಲರೂ. ಎಚ್ಚರ ಇರುತ್ತಿದ್ದವರು ಅಜ್ಜ, ಆಯಿ ಮತ್ತು ಅವರಿಬ್ಬರ ನಡುವೆ ಕಂಬಕ್ಕೆ ಆತು ಕೂತ ಟೇಪ್ ರೆಕಾರ್ಡರ್ ಮಾತ್ರ. ಬೆಳಕಿಂಡಿಯಿಂದ ಇಳಿದ ಬಿಸಿಲು ಪಡಸಾಲೆಯ ನೆಲದ ಮೇಲೆ ರೊಟ್ಟಿಯಷ್ಟಗಲ ಬಿದ್ದಿರುತ್ತಿತ್ತು. ಗೀಗಿ ಪದದ ಕ್ಯಾಸೆಟ್ಟು ಒಂದು ಮಗ್ಗುಲು ಮುಗಿಸುವಷ್ಟರಲ್ಲಿ ಅದು ಸರಿದು ಸರಿದು ಆಯಿಯ ಕಾಲ್ಬೆರಳಿನ ಮೇಲೆ ಏರುತ್ತಿತ್ತು. ನಾನು ಚಾಪೆಯ ಮೇಲೆ ಅರ್ಧ ಕನಸಿನಲ್ಲಿ.

ಅವರು ಕೇಳುವುದಕ್ಕೊಂದು ರೀತಿ ಇತ್ತು. ಹಾಡುವವನು ಒಂದು ನುಡಿ ಮುಗಿಸಿದ ಕೂಡಲೇ ಅಜ್ಜ ಮೂಗಿನೊಳಗೆ "ಹ್ಞೂಂ" ಅನ್ನಬೇಕು. ಅದರ ಬಾಲ ಹಿಡಿದು ಆಯಿ "ಅಯ್ಯ ಶಿವನ" ಅನ್ನಬೇಕು. ಕ್ಯಾಸೆಟ್ಟಿನವನು ಇವರಿಬ್ಬರಿಗಾಗಿಯೇ ಜಾಗ ಬಿಟ್ಟು ಹಾಡಿದ್ದಾನೆ ಅನ್ನಿಸುತ್ತಿತ್ತು. ನಾನೋ ಊರ ಮಂದಿಯ ದನಿಯೆಲ್ಲ ತೆಗೆಯುವವನು. ಪ್ರಿನ್ಸಿಪಾಲರ ಕೆಮ್ಮು, ಕಂಡಕ್ಟರನ ಸೀಟಿ, ಕಾಕಾನ ಗೊರಕೆ, ಯಾವುದನ್ನೂ ಬಿಟ್ಟವನಲ್ಲ. ಇವರ ಹ್ಞೂಂ, ಅಯ್ಯ ಶಿವನ ಎರಡನ್ನೂ ಕಾಲೇಜಿನ ಕಟ್ಟೆಯ ಮೇಲೆ ಮಾಡಿ ತೋರಿಸಿ ಪುಕ್ಕಟೆ ಚಹಾ ಕುಡಿಯುತ್ತಿದ್ದೆ. ನನ್ನ ಸ್ವಂತ ದನಿ ಯಾವುದು ಅಂತ ಅವ್ವನಿಗೇ ಗೊತ್ತಾಗುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಕೂಗಿದರೆ ಒಳಗಿನಿಂದ, "ನೀನ ಏನ, ಮತ್ಯಾರರ ಬಂದಾರೇನ?" ಅನ್ನುತ್ತಿದ್ದಳು.

ಎರಡು ಸಾವಿರದ ಇಸವಿಯ ಆಚೀಚೆ ಅಜ್ಜನ ಕಿವಿ ಮೆಲ್ಲಗೆ ಬಾಗಿಲು ಮುಂದೆ ಮಾಡತೊಡಗಿತು. ಟೇಪಿನ ದನಿ ಏರಿತು. ಆಯಿಯ ಕಿವಿಯೋ ಗೋಡೆಯ ಮೇಲೆ ಹಲ್ಲಿ ಹೊರಳಿದರೂ ಕೇಳಿಸುವಂಥದ್ದು. ದನಿ ಏರಿದಂತೆಲ್ಲ ಆಕೆ ಹಿಂದೆ ಹಿಂದೆ ಸರಿಯುತ್ತ ಅಡುಗೆಮನೆಯ ಹೊಸ್ತಿಲು ಮುಟ್ಟಿದಳು. ಕಡೆಗೆ ತೊಟ್ಟಿಲಲ್ಲಿದ್ದ ಕಾಕಾನ ಕೂಸು ಬೆಚ್ಚಿಬಿದ್ದು ಚೀರಿದ ದಿನ ಅವ್ವ ಸ್ವಿಚ್ಚು ಆರಿಸಿಯೇಬಿಟ್ಟಳು.

ನಾನು ಹೆಡ್‌ಫೋನ್ ತಂದು ಅಜ್ಜನ ತಲೆಗೆ ಸುತ್ತಿದ ಪಟಗದ ಮೇಲೆಯೇ ಏರಿಸಿದೆ. ಒಂದು ನುಡಿ ಕೇಳಿದ, "ಹ್ಞೂಂ" ಅಂದ, ಆಯಿಯ ಕಡೆ ನೋಡಿದ. ಆಕೆಗೆ ಏನೂ ಕೇಳಿಸಿರಲಿಲ್ಲ, ಸುಮ್ಮನೆ ಇವನನ್ನೇ ನೋಡುತ್ತಿದ್ದಳು. ಅಜ್ಜ ಅದನ್ನು ಕಿತ್ತು ನನ್ನ ತೊಡೆಯ ಮೇಲಿಟ್ಟ.

"ಒಬ್ಬನ ಕೇಳೂದಂದ್ರ ಎಲ್ಲಾರ ಮುಂದ ಒಬ್ಬನ ಹೋಳಿಗಿ ತಿಂದಂಗ. ನನಗ ಬ್ಯಾಡೋ ತಮ್ಮಾ."

ಟೇಪಿನ ಮೇಲೆ ಟವೆಲು ಬಿತ್ತು. ಅದರ ಜೊತೆ ಇಬ್ಬರ ನಡುವಿನ ಮಾತೂ ನಿಂತಿತು. ಅಜ್ಜನ ಹತ್ತಿರ ಮಾತಾಡಬೇಕಾದರೆ ಒದರಬೇಕು. ತುಂಬಿದ ಮನೆಯಲ್ಲಿ ಗಂಡನಿಗೆ ಒದರುವುದು ಆಯಿಗೆ ಆಗದ ಮಾತು. ಹಾಗಾಗಿ ಆಕೆ ನನಗೆ ಹೇಳುವುದು, ನಾನು ಅಜ್ಜನ ಕಿವಿಯಲ್ಲಿ ಕೂಗುವುದು. "ಔಷಧ ತಗೋಬೇಕಂತ" ಅನ್ನುವುದನ್ನು ನಾನು ಫೌಜುದಾರನ ದನಿಯಲ್ಲಿ ಹೇಳಿದರೆ ಮನೆಯೆಲ್ಲ ನಗುತ್ತಿತ್ತು. ಆಯಿ ಮಾತ್ರ ನಗುತ್ತಿರಲಿಲ್ಲ. ಬರಬರುತ್ತ ಆಕೆ ಹೇಳಿ ಕಳಿಸುವುದೂ ಕಡಿಮೆಯಾಯಿತು. ಮಧ್ಯಾಹ್ನ ಒಬ್ಬರು ಬಾಗಿಲ ಕಡೆ, ಒಬ್ಬರು ಬಚ್ಚಲ ಕಡೆ ಮುಖ ಮಾಡಿ ಕೂತಿರುತ್ತಿದ್ದರು. ಹೀಗೇ ಬಿಟ್ಟರೆ ಈ ಇಬ್ಬರೂ ಒಂದೇ ಪಡಸಾಲೆಯಲ್ಲಿದ್ದು ಬೇರೆ ಬೇರೆ ಊರಿನವರಾಗುತ್ತಾರೆ ಅಂತ ಮೊದಲ ಸಲ ನನಗೆ ಹೆದರಿಕೆಯಾಯಿತು.

ಮೊದಲು ಬಸ್‌ಸ್ಟ್ಯಾಂಡಿನ ಅಂಗಡಿಯಿಂದ ಒಂದು ಕವಲು ವಾಯರು ತಂದು ಎರಡು ಹೆಡ್‌ಫೋನ್ ಹಚ್ಚಿದೆ. ಅಜ್ಜ, "ಏನೂ ಕೇಳವಲ್ದು" ಅಂದ. ಅದೇ ಹೊತ್ತಿಗೆ ಆಯಿ, "ಅಯ್ಯ, ಕಿವಿ ಒಡೀತು" ಅಂದಳು. ದನಿ ಹೆಚ್ಚಿಸುವ ಡಬ್ಬಿ ಬೇಕು, ಅದಕ್ಕೆ ಇಬ್ಬರಿಗೂ ಬೇರೆ ಬೇರೆ ಗುಂಡಿ ಇರಬೇಕು, ಬೆಲೆ ನಮ್ಮಂಥವರ ಕೈಗೆ ನಿಲುಕಬೇಕು. ಹುಡುಕಾಟ ಹೊರಟಿತು.

ನಮ್ಮೂರ ಪೇಟೆಯಲ್ಲಿ ಸಿಕ್ಕಿದ್ದಕ್ಕೆ ಗುಂಡಿ ಒಂದೇ. "ಗಂಡ ಹೆಂಡ್ತಿ ಅಂದಮ್ಯಾಲೆ ಒಂದ ಗುಂಡಿ ಸಾಕಲ್ರಿ?" ಅಂದ ಅಂಗಡಿಯವನು. ಅವನಿಗೆ ಇನ್ನೂ ಲಗ್ನವಾಗಿರಲಿಲ್ಲ.

ಕಿತ್ತೂರಿಗೆ ಅಜ್ಜನನ್ನೇ ಕರೆದುಕೊಂಡು ಹೋದೆ. ಹೈವೇ ಬಾಜೂಕಿನ ಅಂಗಡಿ, ಮುಂಬೈ ಮಾಲು. ಡಬ್ಬಿಯ ಮೇಲೆ ಕೆಂಪು ಹಸಿರು ದೀಪ ಕುಣಿಯುತ್ತಿದ್ದವು. ಹಾಡುವವನು ಬಾವಿಯೊಳಗೆ ಬಿದ್ದು ಹಾಡಿದ ಹಾಗೆ ಬರೀ ಗುಂ ಗುಂ. ಹೆಡ್‌ಫೋನಿನಲ್ಲಿ ಕಿವಿ ಮುಚ್ಚಿಕೊಂಡಿದ್ದ ಅಜ್ಜ, ಗುಟ್ಟು ಹೇಳುತ್ತಿದ್ದೇನೆ ಅಂದುಕೊಂಡು ಲಾರಿಗಳೂ ತಿರುಗಿ ನೋಡುವಂತೆ ಕೂಗಿದ: "ಲೇ ತಮ್ಮಾ, ಇವನ ಮೀಸಿ ನೋಡಿದ್ರ ರೇಟ್ ಡಬಲ್ ಹೇಳೂ ಮನಷ್ಯಾ ಅನಸ್ತದ!"

ಅಂಗಡಿಯವನು ಮೀಸೆ ಸವರಿಕೊಂಡು, "ಅಜ್ಜಾರ, ನನಗೂ ಕೇಳಿಸ್ತ್ರಿ" ಅಂದ.

ಸವದತ್ತಿಯಲ್ಲಿ ಸಿಕ್ಕಿತು. ಬೆಳ್ಳಿ ಬಣ್ಣದ ಡಬ್ಬಿ, ಎರಡು ಗುಂಡಿ, ಕಿವಿಯ ಸುತ್ತ ಮೆತ್ತನೆಯ ದಿಂಬಿನಂತೆ ಕೂಡುವ ಹೆಡ್‌ಫೋನು. ದನಿಯಂತೂ ತೊಳೆದಿಟ್ಟ ಹಾಗೆ. ಬೆಲೆ ನನ್ನ ಕಿಸೆಗೆ ಮೀರಿದ್ದು, ಕಾಕಾ ಮನಸ್ಸು ಮಾಡಿದರೆ ಆಗಬಹುದಾದದ್ದು. ಅಂಗಡಿಯವನು ಕಾಕಾನ ಗುರುತಿನವನು. "ಒಯ್ದು ಕೇಳ್ರಿ. ಮನಸಿಗೆ ಬಂದ್ರ ಇಟ್ಕೊಳ್ರಿ" ಅಂದ.

ಇಬ್ಬರನ್ನೂ ಕೂಡಿಸಿ, ಅವನಿಗೆ ಏರಿಸಿ, ಆಕೆಗೆ ಇಳಿಸಿ, ಕ್ಯಾಸೆಟ್ಟು ಹಚ್ಚಿದೆ. ಅಜ್ಜನ ಮುಖ ಅರಳಿತು. "ಹ್ಞೂಂ" ಅಂದ. ಆಯಿ ಏನೂ ಅನ್ನಲಿಲ್ಲ. ಹಾಡು ಮುಂದಿನ ನುಡಿಗೆ ಹೋದ ಮೇಲೆ ತಡವರಿಸಿ "ಅಯ್ಯ ಶಿವನ" ಅಂದಳು, ಆಗ ಅಜ್ಜ ಮತ್ಯಾವುದೋ ಮಾತಿಗೆ ಹ್ಞೂಂ ಅನ್ನುತ್ತಿದ್ದ. ಆ ಮೆತ್ತನೆಯ ದಿಂಬುಗಳೊಳಗೆ ಹೊರಗಿನದು ಒಂದು ಚೂರೂ ಹೋಗುತ್ತಿರಲಿಲ್ಲ. ಎರಡನೇ ಪದಕ್ಕೆ ಇಬ್ಬರೂ ಅನ್ನುವುದನ್ನೇ ಬಿಟ್ಟರು. ಒಂದೇ ಪದ ಕೇಳುತ್ತ, ಒಬ್ಬರನ್ನೊಬ್ಬರು ಮರೆತವರ ಹಾಗೆ ಗೋಡೆ ನೋಡುತ್ತಿದ್ದರು.

ಆಯಿ ತೆಗೆದಿಟ್ಟು ಹೇಳಿದಳು: "ಪದ ಭಾಳ ಚೊಲೊ ಕೇಳ್ತೋ. ಆದ್ರ ಇವರು ಎತ್ತಾಗೋ ಎದ್ದು ಹ್ವಾದಂಗಾತು."

ಡಬ್ಬಿ ಮರಳಿಸಲು ಹೊರಟೆ. ನವಿಲುತೀರ್ಥದ ಅಣೆಕಟ್ಟಿನ ಹತ್ತಿರ ಬಸ್ಸು ತಿರುವಿಗೆ ನಿಧಾನವಾದಾಗ, ಏನು ತಿಳಿಯಿತೋ, ಎರಡೂ ಕಿವಿಯಲ್ಲಿ ಬೆರಳಿಟ್ಟುಕೊಂಡೆ. ಬಸ್ಸು ಮೂಕವಾಯಿತು. ಆಚೆ ನೀರು ಹಾಲಿನ ಕೆನೆಯಂತೆ ಅಲುಗದೆ ನಿಂತಿತ್ತು, ಒಂದು ಬೆಳ್ಳಕ್ಕಿ ರೆಕ್ಕೆ ಬಡಿಯುತ್ತಿತ್ತು, ರೆಕ್ಕೆಗೆ ಸಪ್ಪಳವಿಲ್ಲ. ಚೆಂದವೇ ಇತ್ತು. ಪಕ್ಕದ ಸೀಟಿನ ಯಜಮಾನ ಶೇಂಗಾ ಒಡೆಯುತ್ತ ನನಗೇನೋ ಹೇಳುತ್ತಿದ್ದ. ಹಾಡು ಇಲ್ಲದಿದ್ದರೆ ಇಲ್ಲ, ಆ ಶೇಂಗಾದ ಚಟಚಟ ಬೇಕಿತ್ತು ಅನ್ನಿಸಿತು. ಬೆರಳು ತೆಗೆದೆ. "ಕಿವಿ ನೋಯ್ತದೇನೋ ತಮ್ಮಾ? ಶೇಂಗಾ ತಗೋ" ಅನ್ನುತ್ತಿದ್ದ.

ಸವದತ್ತಿಯವನು ಕೇಳಿದ: "ಏನ ಕೆಟ್ಟಿತ್ರಿ?"

"ಏನೂ ಕೆಟ್ಟಿಲ್ರಿ. ಭಾಳ ಚೊಲೊ ಐತಿ, ಅದ ತ್ರಾಸು."

ನನ್ನ ತಲೆ ಕೆಟ್ಟಿದೆ ಅಂದುಕೊಂಡಿರಬೇಕು. ಆದರೂ ರಾಮದುರ್ಗದ ಒಬ್ಬ ರೇಡಿಯೋ ರಿಪೇರಿಯವನ ಗುರುತು ಹೇಳಿದ.

ಆ ರಿಪೇರಿಯವನು ಬಾಯಿ ತುಂಬ ಎಲೆಯಡಿಕೆ ಇಟ್ಟುಕೊಂಡು, ತನ್ನ ಮಾಲಿನ ಮುಂದೆ ಜಪಾನಿನವರೂ ಕೈಮುಗಿಯಬೇಕು ಅನ್ನುವವನು. ಸಂಗೀತ ಕಲಿಸುವ ಮಾಸ್ತರರೊಬ್ಬರಿಗೆ ಮಾಡಿದ ಡಬ್ಬಿ ಅವನಲ್ಲಿ ಹಾಗೇ ಉಳಿದಿತ್ತು. ತಗಡಿನದು, ಎರಡು ಗುಂಡಿ, ಮುಂದೊಂದು ಕಡಲೆಕಾಳಿನಷ್ಟು ಮೈಕು. ಹಾಡಿನ ಜೊತೆ ಎದುರಿಗಿದ್ದವರ ದನಿಯೂ ಕಿವಿಗೆ ಬರುತ್ತದೆ. ಹಚ್ಚಿಕೊಂಡೆ. ಮೊದಲು ಸುಂಯ್ ಅಂತ ಒಂದು ಸದ್ದು. ಆಮೇಲೆ ಹಾಡು. ಹಾಡಿನ ನಡುವೆ ಅವನು ಅಡಿಕೆ ಅಗಿಯುವ ಸಪ್ಪಳ, ಎದುರಿನ ಹೋಟೆಲಿನ ಕಪ್ಪು-ಬಸಿಯ ಕಿಣಿಕಿಣಿ, ಯಾರೋ ಯಾರನ್ನೋ "ಬರ್ರಿ, ಕೂಡ್ರಿ" ಅಂದದ್ದು.

"ಆ ಮೈಕಿಂದನ ಸುಂಯ್ ಅಂತೈತ್ರಿ. ಕಿತ್ತು ಕೊಡ್ತೇನಿ, ಕ್ಲಿಯರ್ ಆಗ್ತೈತಿ" ಅಂತ ಅವನು ಕೈಯಲ್ಲಿ ಕಟರ್ ಹಿಡಿದ.

"ಕೀಳಬ್ಯಾಡ್ರಿ!" ಅಂದೆ. ಅದು ನನ್ನದೇ ದನಿ, ಯಾರದೂ ನಕಲಲ್ಲ. ನೋಡಿದ್ದರಲ್ಲೆಲ್ಲ ಅದೇ ಅಗ್ಗದ್ದು. ಸುಂಯ್ ಅನ್ನುವ ಮಾಲು ಯಾರಿಗೆ ಬೇಕು ಅಂತ ಅವನೇ ಇಳಿಸಿ ಕೊಟ್ಟ.

ಮರುದಿನ ಮಧ್ಯಾಹ್ನ ಡಬ್ಬಿಯನ್ನು ಇಬ್ಬರ ನಡುವೆ ಇಟ್ಟು, ಇಬ್ಬರಿಗೂ ಹೆಡ್‌ಫೋನು ಏರಿಸಿ, ಕ್ಯಾಸೆಟ್ಟು ಹಚ್ಚಿದೆ. ಬಿಸಿಲಿನ ರೊಟ್ಟಿ ನೆಲದ ಮೇಲೆ ಸರಿಯುತ್ತಿತ್ತು. ಒಂದು ನುಡಿ ಮುಗಿಯಿತು. ನನಗೆ ತಡೆಯಲಾಗಲಿಲ್ಲ, ಮೈಕಿಗೆ ಬಾಗಿ ಅಜ್ಜನ ಹ್ಞೂಂ ತೆಗೆದೆ. ಕಾಲೇಜಿನಲ್ಲಿ ಚಪ್ಪಾಳೆ ಬೀಳುವ ಹ್ಞೂಂ ಅದು. ಆಯಿ ಕಣ್ಣು ತೆರೆಯದೇ ಅಂದಳು: "ಇದು ಅವರದಲ್ಲ. ನೀ ಆ ಕಡೆ ಸರಿ."

ಸರಿದೆ. ಇಷ್ಟು ವರ್ಷದ ವಿದ್ಯೆ ಹೊಳೆಗೆ ಹೋಯಿತು.

ಅಜ್ಜನ ಹ್ಞೂಂ ತಾನಾಗೇ ಬಂತು, ಅದರ ಹಿಂದೆಯೇ "ಅಯ್ಯ ಶಿವನ". ಅಜ್ಜ ಥಟ್ಟನೆ ಆಕೆಯ ಕಡೆ ತಿರುಗಿದ. ಅದು ಅವನ ಕಿವಿಗೆ ಬೀಳದೆ ಎಷ್ಟು ಕಾಲವಾಗಿತ್ತೋ. ಮುಂದಿನ ನುಡಿಗೆ ಇಬ್ಬರೂ ಕೂಡಿಯೇ ಅಂದರು. ಆಮೇಲೆ ಆಯಿ ಮೆಲ್ಲಗೆ, ತನ್ನ ಆ ಸಣ್ಣ ದನಿಯಲ್ಲಿ ಏನೋ ಹೇಳಿದಳು. ಅಜ್ಜನಿಗೆ ಕೇಳಿಸಿತು. ಅವನು ಉತ್ತರ ಕೊಟ್ಟ, ಅದೂ ಮೆಲ್ಲಗೆ. ತನ್ನ ದನಿ ತನಗೇ ಕೇಳಿಸುತ್ತಿದ್ದರಿಂದ ಕೂಗುವುದನ್ನು ಮರೆತಿದ್ದ. ಕೈ ಚಾಚಿ ಟೇಪು ಬಂದ್ ಮಾಡಿದ.

ಹಾಡು ನಿಂತರೂ ಡಬ್ಬಿಯ ಕೆಂಪು ದೀಪ ಉರಿಯುತ್ತಿತ್ತು. ಇಬ್ಬರೂ ಹೆಡ್‌ಫೋನು ತೆಗೆಯಲಿಲ್ಲ. ತುಟಿ ಅಲುಗುವುದು ಕಾಣುತ್ತಿತ್ತು, ಆಯಿ ಸೆರಗಿನಲ್ಲಿ ನಗುವುದು ಕಾಣುತ್ತಿತ್ತು, ಚಾಪೆಯ ಮೇಲಿದ್ದ ನನಗೆ ಒಂದಕ್ಷರ ಬರುತ್ತಿರಲಿಲ್ಲ. ಮೂರನೆಯವನಿಗೆ ಹಚ್ಚಿಕೊಳ್ಳಲು ಆ ಡಬ್ಬಿಯಲ್ಲಿ ತೂತೂ ಇರಲಿಲ್ಲ.

"ಏನ ಮಾತಾಡಾಕತ್ತೀರಿ?" ಅಂತ ರೂಢಿಯಂತೆ ಗಂಟಲು ಹರಿಯುವ ಹಾಗೆ ಕೂಗಿದೆ.

ಅಜ್ಜ ಹೌಹಾರಿ ಕಿವಿಯ ಮೇಲೆ ಕೈ ಇಟ್ಟುಕೊಂಡ. "ಒದರಬ್ಯಾಡೋ ಹುಚ್ಚಪ್ಪ" ಅಂದ, ಪಿಸುದನಿಯಲ್ಲಿ. "ನಾವು ಮಾತಾಡಾಕತ್ತೇವಿ."