ಕುಡಿತ ಬಿಟ್ಟ ಕಾರಿಗೆ ಅತ್ತಿಗೆಯ ಮದ್ದು

ನಾನು ಹೋದಾಗ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀದಿಯ ಕೊನೆಯ ತಗಡಿನ ಶೆಡ್ಡಿನಲ್ಲಿ ಅತ್ತಿಗೆ ಒಂದು ಕೆಂಪು ಕಾರಿನ ಬಾನೆಟ್ಟಿನೊಳಗೆ ತಲೆ ತೂರಿಸಿ ನಿಂತಿದ್ದಾರೆ. ‘ಹೂಂ, ಹೊಡಿ’ ಎನ್ನುತ್ತಾರೆ. ಒಳಗೆ ಕೂತ ಮೈದುನ ಕೀಲಿ ತಿರುಗಿಸುತ್ತಾನೆ. ಪ್ಲಗ್ ಬಿಚ್ಚಿರುವುದರಿಂದ ಎಂಜಿನ್ ಹೊತ್ತಿಕೊಳ್ಳುವುದಿಲ್ಲ, ಪ್ಲಗ್ಗಿನ ತೂತಿನಿಂದ ಗಾಳಿ ಮಾತ್ರ ಬರುತ್ತದೆ. ಪುಸ್, ಫ್ಸ್, ಫ್ಸ್. ಮತ್ತೆ ಪುಸ್, ಫ್ಸ್, ಫ್ಸ್.

‘ಸಾಕು ಬಿಡು. ಒಂದು ಗಟ್ಟಿ, ಎರಡು ಸಪ್ಪೆ. ಇದಕ್ಕೆ ದಮ್ಮೇ ಇಲ್ಲ ಕಣೋ’ ಎಂದು ಸೊಂಟದ ಮೇಲೆ ಕೈಯಿಟ್ಟು ನೆಟ್ಟಗಾಗುತ್ತಾರೆ.

ಶೆಡ್ಡು ಮೈದುನನದು. ಅವನು ‘ಅತ್ತಿಗೆ’ ಎಂದು ಕೂಗುವುದನ್ನು ಕೇಳಿ ಕೇಳಿ ಗಿರಾಕಿಗಳೂ ಹಾಗೇ ಕರೆಯತೊಡಗಿದರು. ಈಗ ಬಿಡಿಭಾಗ ಮಾರುವವನಿಗೂ ಅತ್ತಿಗೆ, ಅವನ ಅಪ್ಪನಿಗೂ ಅತ್ತಿಗೆ. ಸಂಬಂಧದ ಲೆಕ್ಕ ಹಾಕಲು ಹೋದರೆ ತಲೆ ಕೆಡುತ್ತದೆ. ‘ನಮ್ಮೆಜಮಾನ್ರು ಒಬ್ರೇ ಹಾಗೆ ಕರೆಯೋ ಹಾಗಿಲ್ಲ ನೋಡಿ’ ಎಂದು ಅವರೇ ನಗುತ್ತಾರೆ.

ಯಜಮಾನರಿಗೆ ಬೇಕರಿಯಲ್ಲಿ ರಾತ್ರಿಪಾಳಿ. ಬೆಳಿಗ್ಗೆ ಬಿಸಿ ಬ್ರೆಡ್ಡಿನ ಪೊಟ್ಟಣ ಹಿಡಿದು ಶೆಡ್ಡಿಗೆ ಬರುತ್ತಾರೆ. ಇಬ್ಬರೂ ಹಳೇ ಟೈರಿನ ಮೇಲೆ ಕೂತು ಚಹಾ ಕುಡಿದ ಮೇಲೆ ಒಬ್ಬರು ಮಲಗಲು, ಇನ್ನೊಬ್ಬರು ಕೆಲಸಕ್ಕೆ. ‘ಅವ್ರು ಮಲಗೋ ಹೊತ್ತಿಗೆ ನಂಗೆ ಬೆಳಗಾಗತ್ತೆ. ಜಗಳ ಆಡೋಕೆ ಟೈಮೇ ಸಿಕ್ಕಿಲ್ಲ. ಅದಕ್ಕೇ ಸಂಸಾರ ಚೆನ್ನಾಗಿ ನಡೀತಿದೆ.’

ಮೊದಲು ಅತ್ತಿಗೆ ಬಟ್ಟೆ ಕಾರ್ಖಾನೆಯೊಂದರಲ್ಲಿ ಹೊಲಿಗೆ ಯಂತ್ರಗಳ ರಿಪೇರಿ ಮಾಡುತ್ತಿದ್ದರು. ಕಾರ್ಖಾನೆ ಬಾಗಿಲು ಹಾಕಿತು. ನಾಲ್ಕು ದಿನ ಮನೆಯಲ್ಲಿ ಕೂತು ಬೇಸರ ಬಂದು, ಮೈದುನನ ಶೆಡ್ಡಿಗೆ ಬಂದು ಬಿಡಿಭಾಗ ತೊಳೆದುಕೊಡುತ್ತಿದ್ದರು. ಗಿರಾಕಿಗಳು ಹೆಂಗಸಿನ ಕೈಗೆ ಗಾಡಿ ಕೊಡಲು ಹಿಂದೆಮುಂದೆ ನೋಡುತ್ತಿದ್ದ ಕಾಲ. ‘ಬೋಲ್ಟ್ ಬಿಗಿ ಮಾಡಿದ್ದು ನಾನು, ಥ್ಯಾಂಕ್ಸ್ ಮಾತ್ರ ಇವನಿಗೆ’ ಎಂದು ಮೈದುನನತ್ತ ಸ್ಪ್ಯಾನರ್ ತೋರಿಸುತ್ತಾರೆ. ಇವತ್ತಿಗೂ ಬೋರ್ಡಿನ ಮೇಲೆ ಅವನ ಹೆಸರೇ ಇದೆ. ಕಷ್ಟದ ಎಂಜಿನ್ ಬಂದಾಗ ಮಾತ್ರ ಅವನು ‘ಅತ್ತಿಗೇ’ ಎಂದು ರಾಗ ಎಳೆಯುತ್ತಾನೆ.

ಈ ಕೆಂಪು ಕಾರು ಅಂಥದ್ದೇ. ಇದು ರೋಟರಿ ಎಂಜಿನ್. ಮೇಲೆ ಕೆಳಗೆ ಕುಣಿಯುವ ಪಿಸ್ಟನ್ ಇದರಲ್ಲಿಲ್ಲ. ಮೂರು ಮೂಲೆಯ, ಬದಿ ಉಬ್ಬಿದ ಕಬ್ಬಿಣದ ಗಟ್ಟಿಯೊಂದು ಗೂಡಿನೊಳಗೆ ಗರಗರ ತಿರುಗುತ್ತದೆ. ಅದಕ್ಕೆ ರೋಟರ್ ಎನ್ನುತ್ತಾರೆ. ಮೂಲೆಗೊಂದು ತೆಳ್ಳನೆಯ ಲೋಹದ ಪಟ್ಟಿ, ಒಳಗಿನ ಗಾಳಿ ಸೋರದಂತೆ ಗೂಡಿನ ಗೋಡೆಗೆ ಒತ್ತಿಕೊಂಡೇ ಸುತ್ತುತ್ತದೆ. ಮೂರು ಬದಿಗೆ ಮೂರು ಪುಸ್; ಒಂದು ಮೂಲೆಯ ಪಟ್ಟಿ ಸವೆದರೆ ಅದರ ಎರಡೂ ಪಕ್ಕದ ಬದಿ ಸೋರುತ್ತದೆ. ಎರಡು ಸಪ್ಪೆ ಎಂದರೆ ಅದೇ.

ಕಾರಿನ ಧಣಿ ನಿವೃತ್ತ ಬಸ್ ಡ್ರೈವರ್. ಗುಜರಿಯಲ್ಲಿ ಸಿಕ್ಕಿದ್ದನ್ನು ತಂದು, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ರಿಪೇರಿ ಮಾಡಿದವರು. ಆ ಮಗಳು ಈಗ ಆಸ್ಪತ್ರೆಯಲ್ಲಿ ನರ್ಸ್. ವರ್ಷಕ್ಕೊಮ್ಮೆ ಊರ ಹಿಂದಿನ ಗುಡ್ಡ ಹತ್ತುವ ರೇಸಿನಲ್ಲಿ ಇದನ್ನು ಓಡಿಸುತ್ತಾಳೆ. ಒಂದೊಂದೇ ಕಾರು ಹತ್ತಬೇಕು, ಗಡಿಯಾರದ ಮೇಲೆ ತೀರ್ಪು. ಹೋದ ವರ್ಷ ಅವಳು ಕೊನೆಯವರಿಗಿಂತ ಒಂದೇ ಸ್ಥಾನ ಮುಂದೆ. ಬರುವ ವರ್ಷದಿಂದ ಇಷ್ಟು ಹಳೆಯ ಗಾಡಿಗೆ ಪ್ರವೇಶವಿಲ್ಲ. ಅಪ್ಪ-ಮಗಳಿಗೆ ಉಳಿದಿರುವುದು ಈ ಸಲದ ರೇಸ್ ಒಂದೇ.

ಹಾಗಾಗಿ ಬಸ್ ಡ್ರೈವರ್ ಮಗಳನ್ನೂ ಕರೆದುಕೊಂಡು ಟರ್ಬೊ ಹಾಕಿಸಲು ಬಂದಿದ್ದಾರೆ. ಎಂಜಿನ್ ಉಗುಳುವ ಹೊಗೆಯ ರಭಸಕ್ಕೆ ತಿರುಗಿ ಎಂಜಿನ್ನಿಗೆ ಗಾಳಿ ತುರುಕುವ, ಬಸವನಹುಳುವಿನ ಆಕಾರದ ಯಂತ್ರ ಅದು. ಮೈದುನ ಆಗಲೇ ಒಂದನ್ನು ತಂದು ಒರೆಸಿ ಮೇಜಿನ ಮೇಲೆ ಇಟ್ಟಿದ್ದಾನೆ. ‘ಹಾಕಿಬಿಡೋಣ ಅತ್ತಿಗೆ. ಗುಡ್ಡ ಅಲ್ಲ, ಗೋಡೆನೂ ಹತ್ತತ್ತೆ!’

ಅತ್ತಿಗೆ ಅದರತ್ತ ನೋಡುವುದೂ ಇಲ್ಲ. ‘ಅಣ್ಣಾ, ಆಯಿಲ್ ಎಷ್ಟು ತಗೊಳತ್ತೆ ಇದು?’

ಬಸ್ ಡ್ರೈವರ್ ಎದೆಯುಬ್ಬಿಸುತ್ತಾರೆ. ‘ಎಣ್ಣೆನಾ? ಒಂದು ಹನಿ ಮುಟ್ಟಲ್ಲ ಅತ್ತಿಗೆ! ಮೊದಲು ವಿಪರೀತ ಕುಡೀತಿತ್ತು. ನಾನು ಎಣ್ಣೆ ಹೊಡೆಯೋದು ಬಿಟ್ಟೆನಲ್ಲ, ಆ ವರ್ಷವೇ ಇದರ ಚಟಾನೂ ಬಿಡಿಸ್ದೆ. ಒಳಗೆ ಹೋಗೋ ಎರಡು ನಳಿಗೆಗೂ ಬಿರಡೆ ಜಡಿದು ಮುಚ್ಚಿಬಿಟ್ಟೆ.’

ಮೈದುನ ಅಲ್ಲೇ ಡಬ್ಬದ ಮೇಲೆ ಕುಕ್ಕರಿಸಿ, ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾನೆ. ಅತ್ತಿಗೆ ನಗುವುದಿಲ್ಲ. ಮೆಲ್ಲಗೆ, ಮಗುವಿಗೆ ಹೇಳುವಂತೆ ಹೇಳುತ್ತಾರೆ: ‘ಅಯ್ಯೋ ಅಣ್ಣಾ, ಇದು ಕುಡೀಲೇಬೇಕು. ಬೇರೆ ಎಂಜಿನ್ ಎಣ್ಣೆ ಕುಡಿದ್ರೆ ರೋಗ. ಇದಕ್ಕೆ ಅದೇ ಊಟ. ಆ ಪಟ್ಟಿಗಳು ಜಾರಬೇಕಲ್ಲ? ಇಷ್ಟು ದಿನ ಒಣಗೋಡೆಗೆ ಉಜ್ಜಿಕೊಂಡು ಓಡಿದೆ, ಪಾಪ.’

ಬಸ್ ಡ್ರೈವರ್ ಮುಖ ಸಪ್ಪಗಾಗುತ್ತದೆ. ಜೀವಮಾನವೆಲ್ಲ ಗಾಡಿ ಓಡಿಸಿದ ಮನುಷ್ಯ. ‘ನಾನೇ ಕೊಂದೆನಾ ಇದನ್ನ?’ ಎಂದು ಕೇಳುತ್ತಾರೆ. ಮಗಳು ಅಪ್ಪನ ಭುಜ ಹಿಡಿದುಕೊಳ್ಳುತ್ತಾಳೆ.

ಸಂಜೆಯ ಹೊತ್ತಿಗೆ ಎಂಜಿನ್ ಬಿಚ್ಚಿ ಹರಡಿದೆ. ಅತ್ತಿಗೆ ಗೂಡಿನ ಒಳಗೋಡೆಯ ಮೇಲೆ ಉಗುರು ಎಳೆದು ನೋಡುತ್ತಾರೆ. ಉಗುರು ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ. ಪಟ್ಟಿಗಳು ಸವೆದಿವೆ, ಗೂಡು ಉಳಿದಿದೆ. ‘ಸತ್ತಿಲ್ಲ ಅಣ್ಣಾ. ಸೊರಗಿದೆ ಅಷ್ಟೇ.’

ಪಟ್ಟಿ ಹೊಸದು ಬರುತ್ತದೆ, ಹೊಸ ಗೂಡು ಎಲ್ಲೂ ಸಿಗುವುದಿಲ್ಲ. ಹಾಗಾದರೆ ಟರ್ಬೊ? ಮೈದುನ ಇನ್ನೂ ಆಸೆ ಬಿಟ್ಟಿಲ್ಲ. ಹೊಸ ಪಟ್ಟಿ ಹಾಕಿದ ಮೇಲೆ ತಡೆದುಕೊಳ್ಳುತ್ತದೆ ಎಂಬುದು ಅವನ ವಾದ. ಅತ್ತಿಗೆ ಅದನ್ನು ಸುಳ್ಳೆನ್ನುವುದಿಲ್ಲ. ‘ತಡೀಬಹುದು. ಆದ್ರೆ ಗಾಳಿ ತುರುಕಿದಷ್ಟೂ ಬಿಸಿ. ಪೆಟ್ರೋಲ್ ಹೊತ್ತಲ್ಲದ ಹೊತ್ತಲ್ಲಿ ಸಿಡಿದ್ರೆ ಪಟ್ಟಿ ಚೂರಾಗತ್ತೆ. ಆ ಚೂರು ಒಳಗೆ ಒಂದು ಸುತ್ತು ಹೊಡೆದ್ರೆ ಗೂಡು ಹೋಯ್ತು, ಕಾರೂ ಹೋಯ್ತು.’ ಆಮೇಲೆ ಮಗಳತ್ತ ತಿರುಗುತ್ತಾರೆ. ‘ಓಡಿಸೋಳು ನೀನು. ಹೋದ ವರ್ಷ ಯಾಕೆ ಹಿಂದೆ ಬಿದ್ದೆ, ನಿಜ ಹೇಳು.’

ಅವಳು ಅಪ್ಪನ ಮುಖ ನೋಡದೆ ಹೇಳುತ್ತಾಳೆ. ‘ಕೊನೇ ಏರಿನಲ್ಲಿ ಆಕ್ಸಿಲರೇಟರಿಂದ ಕಾಲು ತೆಗೆದೆ ಅತ್ತಿಗೆ. ಇನ್ನೂ ಒತ್ತಿದ್ರೆ ಒಡೆದುಹೋಗತ್ತೇನೋ ಅಂತ ಭಯ ಆಯ್ತು. ಅಪ್ಪನ ಪ್ರಾಣ ಇದರಲ್ಲೇ ಇದೆ.’

‘ಥೂ ಹುಚ್ಚಿ!’ ಎನ್ನುತ್ತಾರೆ ಬಸ್ ಡ್ರೈವರ್. ಕಣ್ಣು ಒದ್ದೆಯಾಗಿದೆ. ‘ನನ್ನ ಪ್ರಾಣ ಕಾರಲ್ಲಿ ಯಾಕಿರತ್ತೆ?’

‘ಮುಗೀತಲ್ಲ’ ಎಂದು ಅತ್ತಿಗೆ ಕೈ ಒರೆಸಿಕೊಳ್ಳುತ್ತಾರೆ. ‘ಇರೋ ಶಕ್ತಿನೇ ಇವಳು ಪೂರ್ತಿ ಬಳಸಿಲ್ಲ. ಟರ್ಬೊ ಹಾಕಿದ್ರೆ ಭಯ ಇನ್ನೂ ಜಾಸ್ತಿ, ಕಾಲು ಇನ್ನೂ ಬೇಗ ತೆಗೀತಾಳೆ. ಬೇಡ. ಹೊಸ ಪಟ್ಟಿ ಹಾಕ್ತೀನಿ, ನಳಿಗೆ ಬಿಡಿಸ್ತೀನಿ. ಅಣ್ಣಾ, ನೀವು ದಿನಾ ಆಯಿಲ್ ನೋಡಿ. ಕಡಿಮೆ ಆಗಿದ್ರೆ ಖುಷಿಪಡಿ.’

ಮೈದುನ ಬಸವನಹುಳುವನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸುತ್ತಾನೆ. ಮುಖ ಮಾತ್ರ ಊದಿಸಿಕೊಂಡೇ ಇದ್ದಾನೆ.

ರೇಸಿನ ದಿನ ಬೆಳಿಗ್ಗೆ ಮತ್ತೆ ಶೆಡ್ಡಿಗೆ ಹೋಗುತ್ತೇನೆ. ಮೈದುನ ಗುಡ್ಡದ ಬುಡದಲ್ಲಿದ್ದಾನೆ. ಅತ್ತಿಗೆ ಹೋಗಿಲ್ಲ, ಸಂಜೆಗೆ ಒಂದು ಹಾಲಿನ ವ್ಯಾನು ತಯಾರಾಗಬೇಕು. ನಿದ್ದೆಗೆಟ್ಟ ಯಜಮಾನರು ಟೈರಿನ ಮೇಲೆ ತೂಕಡಿಸುತ್ತಿದ್ದಾರೆ. ನೋಡಬೇಕು ಅನಿಸಲಿಲ್ಲವೇ ಎಂದು ಕೇಳುತ್ತೇನೆ.

‘ಅಲ್ಲಿ ಹೋಗಿ ಏನು ನೋಡೋದು, ಧೂಳಾ? ಅದರ ದನಿ ಇಲ್ಲಿವರೆಗೂ ಬರತ್ತೆ. ಟೈಮ್ ಎಷ್ಟಾಯ್ತು ಅಂತ ಮೈದುನ ಬಂದು ಹೇಳ್ತಾನೆ. ಆ ಹುಡುಗಿ ಕಾಲು ತೆಗೀಬಾರದು. ನಂಗೆ ಬೇಕಾಗಿರೋದು ಅಷ್ಟೇ.’

ಒಂದೊಂದೇ ಕಾರಿನ ಸದ್ದು ಗುಡ್ಡ ಹತ್ತಿ ಕರಗುತ್ತದೆ. ಆಮೇಲೆ ಬೇರೆಯೇ ಸದ್ದೊಂದು, ದೊಡ್ಡ ಜೇನುನೊಣದಂತೆ ಗುಂಯ್‌ಗುಟ್ಟುತ್ತ ಏಳುತ್ತದೆ. ಅತ್ತಿಗೆಯ ಕೈಯ ಸ್ಪ್ಯಾನರ್ ನಿಲ್ಲುತ್ತದೆ. ಸದ್ದು ತಿರುವಿನಲ್ಲಿ ತಗ್ಗುತ್ತದೆ, ಏಳುತ್ತದೆ, ಮತ್ತೆ ತಗ್ಗುತ್ತದೆ. ಕೊನೆಯ ಏರು ಬರುತ್ತದೆ. ದನಿ ಏರುತ್ತದೆ, ಇನ್ನೂ ಏರುತ್ತದೆ, ಎಲ್ಲೂ ತುಂಡಾಗದೆ ಗುಡ್ಡದ ಆಚೆಗೆ ಹೋಗಿ ಮುಗಿಯುತ್ತದೆ.

‘ತೆಗೀಲಿಲ್ಲ, ಕೇಳಿದ್ರಾ?’ ಎಂದು ಅತ್ತಿಗೆ ಯಜಮಾನರ ಮೊಣಕಾಲು ತಟ್ಟಿ ಎಬ್ಬಿಸುತ್ತಾರೆ. ‘ಕಾಲು ತೆಗೀಲಿಲ್ಲ ಅವಳು.’